ಮೊಂಟಾನಾದ ಸುತ್ತ ನೀಲಿ

ಮೊಂಟಾನಾಕ್ಕೆ ನಾನು ಹೋಗಿಲ್ಲ. ಅಮೆರಿಕಕ್ಕೇ ಕಾಲಿಟ್ಟವಳಲ್ಲ. ಆದರೂ ಇಷ್ಟು ವರ್ಷದ ಟೀಚರ್ ಕೆಲಸದಲ್ಲಿ ಏನು ಪಾಠ ಮಾಡಿದಿರಿ ಅಂತ ಯಾರಾದರೂ ಕೇಳಿದರೆ ಮೊದಲು ಬಾಯಿಗೆ ಬರೋದು ಆ ರಾಜ್ಯದ ಹೆಸರೇ.

ಹೋದ ಡಿಸೆಂಬರಿನಲ್ಲಿ ನಿವೃತ್ತಿಯಾಯಿತು. ಈಚೆಗೆ ಯುಗಾದಿ ಊಟದಲ್ಲಿ ಇಬ್ಬರು ಹುಡುಗಿಯರು ಪಕ್ಕದಲ್ಲಿ ಬಂದು ಕೂತರು. ಇಬ್ಬರೂ ಓದೋಕೆ ಅಂತ ಇಲ್ಲಿಗೆ ಬಂದು, ಟ್ರೇನಿಂಗ್ ಮುಗಿಸಿ, ಈಗ ಆಕ್ಲೆಂಡಿನ ಪ್ರೈಮರಿ ಶಾಲೆಗಳಿಗೆ ಸೇರಿಕೊಂಡಿರೋರು. "ಆಂಟಿ, ಈ ಕೆಲಸ ನಿಜವಾಗ್ಲೂ ಹೇಗಿರತ್ತೆ? ಕಾಲೇಜಿನಲ್ಲಿ ಹೇಳಿದ್ದು ಬೇಡ, ನೀವು ಹೇಳಿ" ಅಂದರು. ಹೋಳಿಗೆ ಬಾಯಲ್ಲಿತ್ತು, ಬರೆದುಕೊಡ್ತೀನಿ ಅಂತ ಕೈಸನ್ನೆ ಮಾಡಿಬಿಟ್ಟೆ. ಅದಕ್ಕೇ ಈ ಪೇಚಾಟ. ಬಡ್ತಿ, ಸನ್ಮಾನ ಎಲ್ಲ ಬಿಡ್ತೀನಿ ಕಣ್ರಮ್ಮ. ಶಾಲು ಎರಡು ಹೊದೆಸಿದಾರೆ, ಎರಡೂ ಮೈಗೆ ಚುಚ್ಚುತ್ತವೆ.

ನಾನು ಕೆಲಸ ಶುರು ಮಾಡಿದ್ದು ಮೈಸೂರಿನಲ್ಲಿ. ಅಲ್ಲಿ ಭೂಗೋಳ ಅಂದರೆ ಗೋಡೆಗೆ ನೇತು ಹಾಕಿದ ಭೂಪಟ, ಕೈಯಲ್ಲಿ ಬೆತ್ತ. ಬೆತ್ತ ಇದ್ದದ್ದು ಊರು ತೋರಿಸೋಕೆ. ಆಗಾಗ ಬೇರೆ ಉಪಯೋಗಕ್ಕೂ ಬರ್ತಿತ್ತು ಅನ್ನಿ. ರಾಜಧಾನಿ ಯಾವುದು, ಬೆಳೆ ಯಾವುದು, ನದಿ ಯಾವುದು, ಬಾಯಿಪಾಠ ಒಪ್ಪಿಸಿದರೆ ಮುಗೀತು. ಆ ಊರಲ್ಲಿ ಯಾರು ಹೇಗೆ ಬದುಕ್ತಾರೆ ಅಂತ ಒಂದು ಮಗುವೂ ಕೇಳಲಿಲ್ಲ, ಕೇಳಿದ್ದರೆ ನನಗೂ ಗೊತ್ತಿರಲಿಲ್ಲ.

ಯಜಮಾನರಿಗೆ ಆಕ್ಲೆಂಡಿನ ಪೆನ್‌ರೋಸಿನ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಕೆಲಸ ಸಿಕ್ಕಿ ಇಲ್ಲಿಗೆ ಬಂದಮೇಲೆ, ಇನ್ನೊಂದು ಸಲ ಟ್ರೇನಿಂಗ್ ಮಾಡಿ, ಫ್ಲ್ಯಾಟ್ ಬುಷ್‌ನ ಶಾಲೆಗೆ ಸೇರಿದೆ. ಮೊದಲನೇ ವಾರವೇ ಮಾನ ಹೋಯ್ತು. ಋತುಗಳ ಪಾಠ. "ಡಿಸೆಂಬರ್ ಅಂದರೆ ಚಳಿಗಾಲ" ಅಂತ ರೂಢಿಯಲ್ಲಿ ಹೇಳಿಬಿಟ್ಟೆ. ಚಾಪೆ ಮೇಲೆ ಕೂತ ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕವು. ಡಿಸೆಂಬರ್ ಅಂದರೆ ಬೀಚ್, ಮಿಸ್, ಬೀಚ್! ಹೆಡ್‌ಮಿಸ್ಟ್ರೆಸ್ ಹೆಲೆನ್ ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡಿದ್ದರು. ಬೈತಾರೆ ಅಂದುಕೊಂಡೆ. "ನಾಳೆ ನಿಮ್ಮ ಊರಿನ ಡಿಸೆಂಬರ್ ಹೇಗಿರತ್ತೆ ಅಂತ ಹೇಳಿ, ಅವರಿಗೆ ಅದು ಗೊತ್ತಿಲ್ಲ" ಅಂದು ಹೋದರು. ಮೇಲಿನವರು ಅಂದರೆ ಹೀಗೂ ಇರಬಹುದು ಅಂತ ಅವತ್ತು ಗೊತ್ತಾಯಿತು. ನಿಮಗೆಲ್ಲ ಇಂಥವರೇ ಸಿಗ್ತಾರೆ ಅಂತ ಭರವಸೆ ಕೊಡಲ್ಲ.

ಅದೇ ಹೆಲೆನ್ ನನಗೆ ಪೆಪೆಹಾ ಕಲಿಸಿದ್ದು. ಇಲ್ಲಿನ ಮಾವೊರಿ ಜನ ತಮ್ಮ ಪರಿಚಯ ಹೇಳಿಕೊಳ್ಳುವಾಗ ಹೆಸರನ್ನ ಕೊನೆಗೆ ಹೇಳ್ತಾರೆ. ಮೊದಲು ನನ್ನ ಬೆಟ್ಟ ಇದು, ನನ್ನ ನದಿ ಇದು, ನನ್ನ ಸಮುದ್ರ ಇದು. ಶಾಲೆಯಲ್ಲಿ ಎಲ್ಲ ಮಕ್ಕಳೂ ಇದನ್ನ ಕಲೀತಾವೆ, ಟೀಚರುಗಳೂ ಹೇಳಬೇಕು. ನನ್ನ ಸರದಿ ಬಂದಾಗ ಚಾಮುಂಡಿ ಬೆಟ್ಟ ಅಂದೆ, ಕಾವೇರಿ ಅಂದೆ, ಅಲ್ಲಿಗೇ ನಿಂತೆ. "ನಮ್ಮೂರಿಗೆ ಸಮುದ್ರ ಇಲ್ಲ" ಅಂದೆ. "ಹಾಗಾದರೆ ನೀವು ದಾಟಿ ಬಂದ ಸಮುದ್ರವನ್ನೇ ಹೇಳಿ" ಅಂದರು ಹೆಲೆನ್. ಅಲ್ಲಿಂದ ಮುಂದೆ ಪ್ರತಿ ವರ್ಷ ಹೊಸ ತರಗತಿಯ ಮುಂದೆ ನಿಂತು ನಾನು ಹೇಳ್ತಿದ್ದದ್ದು ಅದೇ. ನನ್ನ ಬೆಟ್ಟ ಚಾಮುಂಡಿ, ನನ್ನ ನದಿ ಕಾವೇರಿ, ನನ್ನ ಸಮುದ್ರ ನಾನು ದಾಟಿ ಬಂದದ್ದು.

ಪಾಠ ಹೇಳೋ ರೀತಿ ನಾನಿದ್ದ ಕಾಲದಲ್ಲೇ ಎಷ್ಟು ಸಲ ಮಗುಚಿ ಬಿತ್ತೋ. ಒಮ್ಮೆ ಟೀಚರ್ ಏನೂ ಹೇಳಬಾರದು, ಮಕ್ಕಳೇ ಪ್ರಶ್ನೆ ಕೇಳಿ ಮಕ್ಕಳೇ ಹುಡುಕಬೇಕು ಅಂದರು. ಆಮೇಲೆ ಎಲ್ಲಾ ಲ್ಯಾಪ್‌ಟಾಪಿನಲ್ಲೇ ಆಗಬೇಕು ಅಂದರು. ಈಗ ಮತ್ತೆ ಅದನ್ನ ಮುಚ್ಚಿ ಪೆನ್ನು ಹಿಡೀರಿ ಅಂತಿದಾರೆ. ಯಾರು ಏನೇ ಅನ್ನಲಿ, ನಾನು ಒಂದನ್ನ ಮಾತ್ರ ಬಿಡಲಿಲ್ಲ. ಮೈದಾ, ಉಪ್ಪು, ನೀರು ಹಾಕಿ ಹಿಟ್ಟು ಕಲಸಿ, ಹಲಗೆ ಮೇಲೆ ಬೆಟ್ಟ ಎಬ್ಬಿಸಿ, ನದಿಗೆ ಬೆರಳಲ್ಲಿ ಗೀರು ಎಳೆದು, ಒಣಗಿದ ಮೇಲೆ ಬಣ್ಣ ಬಳಿಯೋ ನಕ್ಷೆ. ಉಗುರಿಗೆ ಹಿಟ್ಟು ಸಿಕ್ಕಿಕೊಂಡರೇ ಊರು ತಲೆಗೆ ಹತ್ತೋದು ಅನ್ನೋದು ನನ್ನ ಹಟ. ನೆಲ ಒರೆಸೋರು ಮಾತ್ರ ನನಗೆ ಹಿಡಿಶಾಪ ಹಾಕ್ತಿದ್ದರು.

ಈಗ ಸುಮಾಳ ವಿಷಯ. ಇದನ್ನ ಬರೆಯೋಕೆ ಕೈ ಓಡಲ್ಲ, ಆದರೆ ಇದೊಂದನ್ನ ಬಿಟ್ಟು ಬೇರೆಲ್ಲ ಬರೆದರೆ ಏನು ಬಂತು?

ಸುಮಾ ತಿರುಮಕೂಡಲು ನರಸೀಪುರದವಳು. ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಗಂಡ ಬಿಟ್ಟು ಹೋಗಿ ಎಷ್ಟೋ ವರ್ಷ ಆಗಿತ್ತು, ಅವನ ಸುದ್ದಿ ಯಾರಿಗೂ ಬೇಕಿರಲಿಲ್ಲ. ಮಗಳು ಇಂಚರ, ಹತ್ತು ವರ್ಷ, ನನ್ನ ಕೊನೆಯ ತರಗತಿಯಲ್ಲಿ ಇದ್ದಳು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ, ಇಲ್ಲಿ ಹುಟ್ಟಿದ ಎಲ್ಲ ಮಕ್ಕಳ ಹಾಗೆ. ಶಾಲೆಯಲ್ಲಿ ಮಿಸ್, ಮನೆಗೆ ಬಂದರೆ ಆಂಟಿ, ಅದನ್ನ ಮಾತ್ರ ಅದಲುಬದಲು ಮಾಡ್ತಿರಲಿಲ್ಲ. ಸುಮಾಗೆ ಕ್ಯಾನ್ಸರ್ ಅಂತ ನಮ್ಮ ಕನ್ನಡದವರಿಗೆಲ್ಲ ಗೊತ್ತಿತ್ತು. ಸರದಿ ಮೇಲೆ ಸಾರು, ಪಲ್ಯ ಮಾಡಿ ಕೊಡ್ತಿದ್ವಿ. ವಾಸಿಯಾಗತ್ತೆ ಅಂದುಕೊಂಡಿದ್ವಿ.

ಏಪ್ರಿಲಿನಲ್ಲಿ ಒಂದು ದಿನ ಶಾಲೆ ಬಿಟ್ಟ ಮೇಲೆ ಸುಮಾ ತರಗತಿಗೆ ಬಂದಳು. ತಲೆಗೆ ಸ್ಕಾರ್ಫ್. ಮಕ್ಕಳ ಪುಟ್ಟ ಕುರ್ಚಿಯಲ್ಲಿ ಮೊಣಕಾಲು ಮಡಚಿ ಕೂತಳು. ಇಂಚರ ಹೊರಗೆ ಮೈದಾನದಲ್ಲಿ ಆಡ್ತಿದ್ದಳು.

"ಆಂಟಿ, ಇನ್ನು ಔಷಧಿ ಸಾಕು ಅಂದ್ಬಿಟ್ಟಿದಾರೆ" ಅಂದಳು.

ನಾನೂ ಒಂದು ಪುಟ್ಟ ಕುರ್ಚಿ ಎಳೆದುಕೊಂಡು ಅವಳೆದುರು ಕೂತೆ.

"ನನ್ನಕ್ಕ ಉಷಾ ಮೊಂಟಾನಾದಲ್ಲಿದಾಳೆ. ಇಂಚರನ್ನ ಅವಳೇ ಕರ್ಕೊಂಡು ಹೋಗ್ತಾಳೆ, ಪೇಪರೆಲ್ಲ ಆಗಿದೆ. ಮಗೂಗೆ ಇನ್ನೂ ಹೇಳಿಲ್ಲ. ಹೇಳೋದು ನಾನೇ ಹೇಳ್ತೀನಿ, ಸ್ವಲ್ಪ ಟೈಮ್ ಕೊಡಿ. ನಿಮ್ಮಿಂದ ಒಂದು ಕೆಲಸ ಆಗ್ಬೇಕು."

"ಏನ್ ಬೇಕಾದ್ರೂ ಕೇಳು."

"ಅವಳಿಗೆ ಆ ಊರನ್ನ ಪರಿಚಯ ಮಾಡಿಸ್ಬಿಡಿ. ಅವಳಿಗೇ ಗೊತ್ತಾಗ್ದೇ ಇರೋ ಹಾಗೆ. ಇಡೀ ಕ್ಲಾಸಿಗೆ ಪಾಠ ಮಾಡಿ. ಅಲ್ಲಿ ಹೋಗಿ ಇಳಿದಾಗ ಎಲ್ಲಾ ಹೊಸದು ಅನ್ನಿಸ್ಬಾರ್ದು ಆಂಟಿ. ಒಂದು ಬೆಟ್ಟನಾದ್ರೂ ಗುರುತು ಸಿಗ್ಲಿ."

ಅಯ್ಯೋ, ತಾಯೇ. ನನ್ನ ಜೀವಮಾನದಲ್ಲಿ ಯಾರೂ ನನ್ನ ಕೆಲಸವನ್ನ ಅಷ್ಟು ದೊಡ್ಡದು ಅಂತ ನಂಬಿರಲಿಲ್ಲ. ಅವಳು ಹೋದಮೇಲೆ ಮಕ್ಕಳ ಬಾತ್‌ರೂಮಿನಲ್ಲಿ ನಿಂತು ಅತ್ತೆ.

ಮಾರನೇ ದಿನ ಹೆಲೆನ್ ಹತ್ತಿರ ಹೋಗಿ, ಮುಂದಿನ ಟರ್ಮ್ ಪೂರ್ತಿ ಮೊಂಟಾನಾ ಮಾಡ್ತೀನಿ ಅಂದೆ. "ಅಮೆರಿಕ ಯಾಕೆ? ಈ ದೇಶದ ಚರಿತ್ರೆಯನ್ನೇ ಸರಿಯಾಗಿ ಕಲಿಸಿ ಅಂತ ಈಗ ತಾನೇ ಇಲಾಖೆಯವರಿಂದ ಹೇಳಿಸಿಕೊಂಡಿದೀವಿ" ಅಂದರು. ಹೋಲಿಸಿ ನೋಡೋಕೆ, ಅದೂ ಇದೂ ಅಂತ ತಡವರಿಸಿದೆ. ಕೊನೆಗೆ ನಿಜ ಹೇಳಿದೆ, ಹೇಳದೆ ಆಗ್ತಿರಲಿಲ್ಲ. ಹೆಲೆನ್ ಎದ್ದು ಬಾಗಿಲು ಹಾಕಿದರು. "ಮೈದಾ ಎಷ್ಟು ಚೀಲ ಬೇಕು?" ಅಂದರು.

ಆ ರಜೆಯಲ್ಲಿ ನಾನು ಓದಿದಷ್ಟು ಬಿ.ಎಡ್‌ನಲ್ಲೂ ಓದಿರಲಿಲ್ಲ. ಪಶ್ಚಿಮಕ್ಕೆ ರಾಕಿ ಪರ್ವತ, ಪೂರ್ವಕ್ಕೆ ಕಣ್ಣಿಗೆ ಎಟಕುವವರೆಗೂ ಹುಲ್ಲುಗಾವಲು. ಚಳಿಗಾಲದಲ್ಲಿ ಮೂಗಿನೊಳಗೇ ಹೆಪ್ಪುಗಟ್ಟೋ ಚಳಿ, ನಡುವೆ ಒಮ್ಮೊಮ್ಮೆ ಬೆಟ್ಟದಿಂದ ಇಳಿದು ಹಿಮವನ್ನೆಲ್ಲ ಕರಗಿಸಿಬಿಡೋ ಬೆಚ್ಚನೆ ಗಾಳಿ. ಉಷಾ ಇದ್ದ ಊರಿಗೆ ಹತ್ತಿರದಲ್ಲೇ ಮೂರು ನದಿ ಕೂಡಿ ದೊಡ್ಡ ಮಿಸೌರಿ ನದಿ ಹುಟ್ಟತ್ತೆ. ಇದನ್ನ ಸುಮಾಗೆ ಫೋನಿನಲ್ಲಿ ಹೇಳಿದಾಗ, "ಅಲ್ಲೂ ತಿರುಮಕೂಡಲೇನಾ!" ಅಂತ ನಕ್ಕಳು. ಅವಳು ನಕ್ಕದ್ದು ಕೇಳಿ ಎಷ್ಟು ದಿನ ಆಗಿತ್ತೋ.

ಪಾಠ ಶುರುವಾಯಿತು. ನಕ್ಷೆಯ ಎಡಗಡೆ ಗಡಿಯನ್ನ ನೋಡಿದ ತಕ್ಷಣ ಮಕ್ಕಳು, ಅಲ್ಲೊಂದು ಮುಖ ಇದೆ, ಮೂಗು ನೋಡಿ ಮಿಸ್ ಅಂತ ಕೂಗಿದವು. ನಿಜವಾಗಲೂ ಇದೆ, ನೀವೂ ನೋಡಿ. ಆ ನೆಲದಲ್ಲಿ ಮೊದಲಿದ್ದ ಬ್ಲ್ಯಾಕ್‌ಫೀಟ್, ಕ್ರೋ ಜನರ ವಿಷಯ ಹೇಳಿದೆ. ಅವರು ನಂಬಿ ಬದುಕಿದ್ದ ಕಾಡೆಮ್ಮೆಗಳನ್ನ ಬಂದವರು ಕೊಂದು ಮುಗಿಸಿದ್ದು, ರೈಲು ಬಂದದ್ದು, ತಾಮ್ರಕ್ಕೆ ಬೆಟ್ಟ ಅಗೆದದ್ದು. ಸಿಯೋನೆ ಅಂತ ಟೋಂಗಾದ ಹುಡುಗ, ಸುಮ್ಮನೆ ಕೂರೋ ಪೈಕಿ ಅಲ್ಲ. "ಅವರ ಜೊತೆನೂ ಒಪ್ಪಂದಕ್ಕೆ ಸಹಿ ಹಾಕಿದ್ರಾ ಮಿಸ್? ಅಲ್ಲೂ ಮುರಿದ್ರಾ?" ಅಂದ. ಹೌದು ಅಂದೆ. ಇಲ್ಲೂ ಬ್ರಿಟಿಷರು ಮಾವೊರಿ ಜನರ ಜೊತೆ ಒಪ್ಪಂದ ಮಾಡಿಕೊಂಡು ಮುರಿದವರೇ, ಈ ದೇಶದ ಮಕ್ಕಳಿಗೆ ಅದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಉಳಿದ ಮಕ್ಕಳು ಕರಡಿ ಎಷ್ಟು ದೊಡ್ಡದು, ತೋಳ ಕಚ್ಚತ್ತಾ ಅಂತ ಕೇಳ್ತಿದ್ದವು. ಇಂಚರ ಕೇಳಿದ್ದು ಬೇರೆ. ಹಿಮ ಬಿದ್ದರೆ ಶಾಲೆ ಬಸ್ ಬರತ್ತಾ? ಮಧ್ಯದಲ್ಲಿ ಸೇರಿಕೊಂಡೋರನ್ನ ಯಾವ ಕ್ಲಾಸಿಗೆ ಹಾಕ್ತಾರೆ? ಅಲ್ಲಿ ಇಂಡಿಯನ್ ಅಂಗಡಿ ಇದೆಯಾ? ನನ್ನ ಮಂಕುಬುದ್ಧಿಗೆ ಆಗಲಾದರೂ ಹೊಳೀಬೇಕಿತ್ತು. ಚೂಟಿ ಹುಡುಗಿ ಅಂದುಕೊಂಡೆ, ಅಷ್ಟೇ.

ಹಿಟ್ಟು ಕಲಸಿದ್ವಿ. ನಾಲ್ಕು ನಾಲ್ಕು ಮಕ್ಕಳಿಗೆ ಒಂದು ಹಲಗೆ. ಇಂಚರಳ ಗುಂಪಿನ ಉಳಿದ ಮೂವರು ಫ್ಲೂ ಬಂದು ಮಲಗಿದ್ದರಿಂದ ಆ ಹಲಗೆ ಅವಳೊಬ್ಬಳ ಪಾಲಿಗೆ ಬಂತು. ಅವಳು ಹಿಟ್ಟನ್ನ ನಾದುತ್ತಿದ್ದದ್ದು ನೋಡಿದರೆ ಚಪಾತಿಗೆ ಕಲಸಿದ ಹಾಗೇ ಇತ್ತು. ಅಮ್ಮನಿಗೆ ಕೈಲಾಗದೆ ಇದ್ದಾಗಿಂದ ಮನೆಯಲ್ಲಿ ಅದು ಅವಳದೇ ಕೆಲಸ.

ಬಣ್ಣ ಬಳಿಯೋ ದಿನ ನಾನು ಇನ್ನೊಂದು ತರಗತಿಗೆ ಹೋಗಿ ವಾಪಸ್ ಬರೋಷ್ಟರಲ್ಲಿ ಎಲ್ಲ ಹಲಗೆಗಳ ಮೇಲೂ ರಾಜ್ಯದ ಸುತ್ತ ದಟ್ಟ ನೀಲಿ! ಒಂದು ಮಗುವೂ ಬಿಟ್ಟಿಲ್ಲ. ದ್ವೀಪದಲ್ಲಿ ಹುಟ್ಟಿ ಬೆಳೆದ ಮಕ್ಕಳು, ನಕ್ಷೆ ಅಂದಮೇಲೆ ಸುತ್ತ ಸಮುದ್ರ ಇರಲೇಬೇಕಲ್ಲ. ನಗೋದೋ ಅಳೋದೋ ತಿಳೀಲಿಲ್ಲ. ಮೊಂಟಾನಾಕ್ಕೆ ಸಮುದ್ರ ಇಲ್ಲ ಕಣ್ರೋ, ಸುತ್ತ ಬೇರೆ ರಾಜ್ಯಗಳು, ಮೇಲೆ ಕೆನಡಾ ಅಂದೆ. ಯಾವ ದಿಕ್ಕಿಗೆ ಹೋದರೂ ಬೀಚ್ ಸಿಗಲ್ವಾ ಅಂತ ಸಿಯೋನೆ ಮುಖ ಬಾಡಿಸಿಕೊಂಡ. ಆ ಜನ ಪಾಪ ಅನ್ನೋ ಥರ ಮಾತಾಡಿಕೊಂಡು, ಎಲ್ಲರೂ ನೀಲಿ ಮೇಲೆ ಹಸಿರು, ಕಂದು ಬಳಿದು ತಿದ್ದಿದರು.

ಇಂಚರ ತಿದ್ದಲಿಲ್ಲ. ಬೇರೆ ಮಕ್ಕಳು ಊಟಕ್ಕೆ ಹೋದರೂ ಬ್ರಷ್ ಹಿಡಿದು ನೀಲಿಯನ್ನೇ ಇನ್ನೂ ಅಗಲ ಮಾಡ್ತಿದ್ದಳು. ನನಗೆ ರೇಗಿತು.

"ಎಷ್ಟು ಸಲ ಹೇಳ್ಬೇಕೇ ನಿನಗೆ? ಅಲ್ಲಿ ಸಮುದ್ರ ಇಲ್ಲ!"

ಬ್ರಷ್ ನಿಲ್ಲಿಸದೆ ಹೇಳಿದಳು, ಕನ್ನಡದಲ್ಲಿ. "ಇದು ಅಲ್ಲಿರೋದಲ್ಲ ಆಂಟಿ. ನಾನು ದಾಟಿ ಹೋಗೋದು."

ಶಾಲೆಯಲ್ಲಿ ಅವಳು ನನ್ನನ್ನ ಆಂಟಿ ಅಂದದ್ದು ಅದೇ ಮೊದಲು. ಅವಳ ಪಕ್ಕದಲ್ಲಿ ಹಾಗೇ ಕೂತುಬಿಟ್ಟೆ. ಯಾರು ಹೇಳಿದ್ದು ಅಂತ ಕೇಳಿದೆ.

"ಯಾರೂ ಇಲ್ಲ. ಅಮ್ಮ ದೊಡ್ಡಮ್ಮನ ಹತ್ರ ಫೋನಲ್ಲಿ ಮಾತಾಡ್ತಾಳೆ. ಕನ್ನಡದಲ್ಲಿ ಮಾತಾಡಿದ್ರೆ ನಂಗೆ ಅರ್ಥ ಆಗಲ್ಲ ಅಂದ್ಕೊಂಡಿದಾಳೆ." ಸ್ವಲ್ಪ ತಡೆದು, "ಅಮ್ಮಂಗೆ ಹೇಳ್ಬೇಡಿ. ನಂಗೆ ಗೊತ್ತು ಅಂದ್ರೆ ಅವಳು ಅಳ್ತಾಳೆ" ಅಂದಳು.

ನೋಡಿ, ನಾವೆಲ್ಲ ಮಾಡೋದು ಇದನ್ನೇ. ಮಗು ಇಂಗ್ಲಿಷಿನಲ್ಲಿ ಉತ್ತರ ಕೊಡತ್ತೆ ಅಂತ, ಅದರ ಎದುರಿಗೇ ಕನ್ನಡದಲ್ಲಿ ಗುಟ್ಟು ಮಾತಾಡ್ತೀವಿ. ಬಾಯಿಗೆ ಬಾರದ್ದು ಕಿವಿಗೂ ಬರಲ್ಲ ಅಂದುಕೊಳ್ತೀವಿ. ಔಷಧಿ ನಿಂತದ್ದು, ಎಷ್ಟು ದಿನ ಅಂದದ್ದು, ಯಾರಿಗೆ ಮಗು ಅಂದದ್ದು, ಪಕ್ಕದ ರೂಮಿನಲ್ಲಿ ಹೋಮ್‌ವರ್ಕ್ ಮಾಡ್ತಾ ಆ ಹುಡುಗಿ ಎಲ್ಲ ಕೇಳಿಸಿಕೊಂಡಿದ್ದಳು.

ಅಲ್ಲಿಂದಾಚೆ ನನ್ನ ಫಜೀತಿ ಯಾರಿಗೂ ಬೇಡ. ತಾಯಿ ಮಗಳಿಗೆ ಹೇಳಬೇಡಿ ಅಂದಿದಾಳೆ, ಮಗಳು ತಾಯಿಗೆ ಹೇಳಬೇಡಿ ಅಂದಿದಾಳೆ. ಒಬ್ಬರಿಗೊಬ್ಬರು ನಗುಮುಖ ತೋರಿಸ್ಕೊಂಡು ಇಬ್ಬರೂ ಒಳಗೇ ಬೇಯ್ತಿದಾರೆ. ದಿನ ಉರುಳ್ತಾ ಇದೆ. ಸಾರು ಕೊಡೋಕೆ ಹೋದಾಗ ಸುಮಾ ಕೇಳಿದಳು, "ಅವಳಿಗೇನಾದ್ರೂ ಅನುಮಾನ ಬಂದಿದೆಯಾ ಆಂಟಿ?" ಬಂದಿದೆ ಅನ್ನೋ ಮಾತು ನಾಲಿಗೆ ತುದಿಗೆ ಬಂತು. ಸೋಫಾದಲ್ಲಿ ಇಂಚರ ಟಿವಿ ನೋಡ್ತಾ ಕೂತಿದ್ದಳು, ತಿರುಗಿ ನನ್ನನ್ನೇ ನೋಡಿದಳು. "ನಕ್ಷೆ ಚೆನ್ನಾಗಿ ಮಾಡ್ತಿದಾಳೆ ಕಣೆ. ಪ್ರದರ್ಶನಕ್ಕೆ ಬಾ, ನೀನೇ ನೋಡು" ಅಂದೆ. ಸುಮಾ ತಾನೇ ಬಾಯಿ ಬಿಡಲಿ ಅಂತ ದೇವರಲ್ಲಿ ಬೇಡಿಕೊಂಡೆ, ಅಷ್ಟೇ ನನ್ನ ಕೈಲಾದದ್ದು.

ಟರ್ಮಿನ ಕೊನೆಗೆ ತಂದೆ ತಾಯಿಯರನ್ನ ಕರೆದು ಮಕ್ಕಳ ಕೆಲಸ ತೋರಿಸೋದು ವಾಡಿಕೆ. ಹೊರಗೆ ಮಳೆ ಹೊಯ್ತಿತ್ತು. ಸುಮಾಳನ್ನ ಗಾಲಿಕುರ್ಚಿಯಲ್ಲಿ ಕೂರಿಸಿ ಪಕ್ಕದ ಮನೆಯಾಕೆ ತಳ್ಳಿಕೊಂಡು ಬಂದರು. ಗುರುತು ಹತ್ತದ ಹಾಗೆ ಆಗಿದ್ದಳು, ಆದರೂ ರೇಷ್ಮೆ ಸೀರೆ ಉಟ್ಟಿದ್ದಳು. ಹೆಲೆನ್ ಹಿಂದೆ ಗೋಡೆಗೆ ಒರಗಿ ನಿಂತಿದ್ದರು.

ಮಕ್ಕಳು ತಾವು ಮೊಂಟಾನಾದವರು ಅಂತ ಭಾವಿಸಿಕೊಂಡು ಪೆಪೆಹಾ ಹೇಳಬೇಕು, ಅದು ನಾನು ಕೊಟ್ಟ ಕೆಲಸ. ಬೆಟ್ಟ, ನದಿ, ಅಲ್ಲಿಗೆ ಮುಗೀತು, ಸಮುದ್ರ ಬಂದ ಕಡೆ ಎಲ್ಲರೂ "ಸಮುದ್ರ ಇಲ್ಲ" ಅಂತ ಹೇಳಿ ನಗ್ತಿದ್ದರು. ಇಂಚರ ಬಂದು ತನ್ನ ಹಲಗೆಯ ಪಕ್ಕ ನಿಂತಳು. ನನ್ನ ಬೆಟ್ಟ ರಾಕಿ ಅಂತ ಇಂಗ್ಲಿಷಿನಲ್ಲಿ ಹೇಳಿದಳು. ನನ್ನ ನದಿ ಮಿಸೌರಿ ಅಂದಳು. ಆಮೇಲೆ ಅಮ್ಮನ ಕಡೆ ತಿರುಗಿದಳು. ಅಳ್ತಾಳೆ ಅಂತ ಅಷ್ಟು ದಿನ ಬಚ್ಚಿಟ್ಟವಳಿಗೆ ಅವತ್ತು ತಡೆಯಲಾಗಲಿಲ್ಲವೇನೋ.

"ನನ್ನ ಸಮುದ್ರ, ನಾನು ದಾಟಿ ಹೋಗೋದು" ಅಂದಳು, ಕನ್ನಡದಲ್ಲಿ.

ಅರ್ಥವಾಗದ ಅಪ್ಪ ಅಮ್ಮಂದಿರೆಲ್ಲ ಚಪ್ಪಾಳೆ ತಟ್ಟಿದರು. ಸುಮಾ ತಟ್ಟಲಿಲ್ಲ. ನನ್ನ ಮುಖ ನೋಡಿದಳು. ನಾನು ಹೌದು ಅಂತ ತಲೆಯಾಡಿಸಿದೆ, ಇನ್ನೇನು ಮಾಡಲಿ? "ಬಾ ಇಲ್ಲಿ" ಅಂತ ಮಗಳನ್ನ ಕರೆದಳು. ಇಂಚರ ಹಲಗೆಯನ್ನ ಎತ್ತಿಕೊಂಡು ಹೋಗಿ ಅಮ್ಮನ ತೊಡೆ ಮೇಲೆ ಇಟ್ಟಳು. ಸುಮಾ ಬೆಟ್ಟಗಳ ಮೇಲೆ ಕೈಯಾಡಿಸಿ, ನದಿಯ ಗೀರು ಮುಟ್ಟಿ, ಆ ನೀಲಿಯ ಹತ್ತಿರ ಬಂದು ನಿಲ್ಲಿಸಿದಳು.

"ಎಷ್ಟಗಲ ಬಳ್ದಿದೀಯೇ ಚಿನ್ನು. ಸ್ವಲ್ಪ ಕಮ್ಮಿ ಬಳೀಬಾರ್ದಿತ್ತಾ?"

"ಬ್ರಷ್ ದೊಡ್ಡದಿತ್ತಮ್ಮ" ಅಂದಳು ಮಗಳು.

ಹೆಲೆನ್ ಮೆತ್ತಗೆ ಬೇರೆ ಎಲ್ಲರನ್ನೂ ಟೀಗೆ ಅಂತ ಪಕ್ಕದ ರೂಮಿಗೆ ಕರೆದುಕೊಂಡು ಹೋದರು. ನಾನೂ ಹೊರಗೆ ಬಂದು ಬಾಗಿಲು ಎಳೆದುಕೊಂಡೆ.

ಆಮೇಲಿನ ವಾರಗಳಲ್ಲಿ ತಾಯಿ ಮಗಳು ಮುಚ್ಚುಮರೆ ಇಲ್ಲದೆ ಅತ್ತರು, ಮುಚ್ಚುಮರೆ ಇಲ್ಲದೆ ಮಾತಾಡಿದರು. ಕೂದಲಿಗೆ ಎಣ್ಣೆ ಹಚ್ಚೋದು, ಹುಳಿಪುಡಿ ಅಳತೆ, ದೊಡ್ಡಮ್ಮನಿಗೆ ಸಿಟ್ಟು ಬಂದರೆ ಏನು ಮಾಡಬೇಕು, ಎಲ್ಲ. ಸುಮಾ ಸೆಪ್ಟೆಂಬರಿನಲ್ಲಿ ಹೋದಳು.

ಉಷಾ ಮೊಂಟಾನಾದಿಂದ ಬಂದಿದ್ದರು. ಅಸ್ಥಿಯನ್ನ ತಿರುಮಕೂಡಲಿಗೆ ತೊಗೊಂಡು ಹೋಗೋದು ಅಂತ ಅವರ ಮನಸ್ಸು. ತಾತ, ಅಜ್ಜಿ, ಮನೆತನದವರೆಲ್ಲ ಅಲ್ಲಿನ ಸಂಗಮದಲ್ಲೇ ಕರಗಿದ್ದು. ಇಂಚರ ಬೇಡ ಅಂದಳು. ಸಮುದ್ರದಲ್ಲಿ ಬಿಡಬೇಕು ಅಂದಳು. ಯಾಕೆ ಅಂತ ಎಷ್ಟು ಕೇಳಿದರೂ ಹೇಳಲಿಲ್ಲ, ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಳು.

"ಟೀಚರ್, ನೀವೇ ಹೇಳಿ, ನಿಮ್ಮ ಮಾತು ಕೇಳ್ತಾಳೆ" ಅಂತ ಉಷಾ ಫೋನ್ ಮಾಡಿದರು.

ನಾನು ಇಂಚರಳ ಹತ್ತಿರ ಮಾತಾಡಲೇ ಇಲ್ಲ. ಉಷಾಗೇ ಹೇಳಿದೆ, "ನನ್ನ ಮಾತು ಕೇಳೋದಾದ್ರೆ, ಮಗು ಹೇಳಿದ ಹಾಗೆ ಮಾಡಿಬಿಡಿ." ಅವರಿಗೆ ಬೇಸರವಾಯಿತು, ಗೊತ್ತು. ಆದರೂ ಒಪ್ಪಿದರು. ಅನುಮತಿ ಇರೋ ಜಾಗಕ್ಕೆ ದೋಣಿಯಲ್ಲಿ ಹೋಗಿ ಬಿಟ್ಟು ಬಂದ್ವಿ. ಗಾಳಿ ಜೋರಾಗಿತ್ತು, ಇಂಚರ ನನ್ನ ಸೆರಗು ಹಿಡಿದುಕೊಂಡು ನಿಂತಿದ್ದಳು.

ಏರ್‌ಪೋರ್ಟಿಗೆ ಹಲಗೆಯನ್ನೂ ತಂದಿದ್ದಳು, ವಿಮಾನದಲ್ಲಿ ಒಡೆದುಹೋಗತ್ತೆ ಅಂತ ಕೊನೇ ಗಳಿಗೆಯಲ್ಲಿ ನನ್ನ ಕೈಗೆ ಕೊಟ್ಟಳು. ಈಗ ನಮ್ಮ ಮನೆ ಶೋಕೇಸಿನ ಮೇಲಿದೆ. ಆಕ್ಲೆಂಡಿನ ಥಂಡಿಗೆ ಉಪ್ಪು ಬೆವರುತ್ತೆ. ರಾಕಿ ಪರ್ವತ ಅರ್ಧ ಉದುರಿಹೋಗಿದೆ. ನೀಲಿ ಮಾತ್ರ ಹಾಗೇ ಇದೆ, ಅಷ್ಟು ಸಲ ಬಳಿದಿದ್ದಳಲ್ಲ.

ಹುಡುಗೀರಾ, ಕೆಲಸ ಹೇಗಿರತ್ತೆ ಅಂತ ಕೇಳಿದಿರಿ. ಹೀಗಿರತ್ತೆ. ಎಲ್ಲಾ ದಿನ ಹೀಗಿರಲ್ಲ, ಇದ್ದರೆ ಬದುಕೋಕಾಗಲ್ಲ. ಬಹಳಷ್ಟು ದಿನ ಮೂಗು ಒರೆಸೋದು, ಕಳೆದುಹೋದ ಸ್ವೆಟರ್ ಹುಡುಕೋದು.

ಹೋದ ವಾರ ಇಂಚರ ಫೋನ್ ಮಾಡಿದ್ದಳು. ಈಗ ನನ್ನ ಹತ್ತಿರ ಕನ್ನಡದಲ್ಲೇ ಮಾತಾಡ್ತಾಳೆ, ತಡವರಿಸಿಕೊಂಡಾದರೂ ಸರಿ. ಮೂರು ನದಿ ಸೇರೋ ಜಾಗ ನೋಡಿದಳಂತೆ. ಹಿಟ್ಟಿನಲ್ಲಿ ಮಾಡಿದ ಹಾಗೇ ಇದೆ ಆಂಟಿ, ಗುರುತು ಸಿಕ್ತು ಅಂದಳು. ಒಂದು ಬೆಟ್ಟನಾದ್ರೂ ಗುರುತು ಸಿಗ್ಲಿ ಅಂದಿದ್ದ ಸುಮಾ ನೆನಪಾಗಿ, ನಾನು ಫೋನನ್ನ ಸ್ವಲ್ಪ ಹೊತ್ತು ದೂರ ಹಿಡಿದುಕೊಂಡೆ.

ಹೊಸ ಶಾಲೆಯಲ್ಲಿ ಟೀಚರ್ ಪರಿಚಯ ಹೇಳು ಅಂದಾಗ ಇವಳು ಇಲ್ಲಿಯ ಅಭ್ಯಾಸದಂತೆ ಬೆಟ್ಟ ಹೇಳಿದಳಂತೆ, ನದಿ ಹೇಳಿದಳಂತೆ, ನನ್ನ ಸಮುದ್ರ ಪೆಸಿಫಿಕ್ ಅಂದಳಂತೆ.

"ಇಲ್ಲಿ ಸಮುದ್ರ ಇಲ್ಲಮ್ಮ ಅಂದ್ರು ಆ ಮಿಸ್. ನಿಮ್ಮ ಥರಾನೇ."

"ನೀನೇನಂದೆ?"

"ಗೊತ್ತು ಮಿಸ್, ಆದ್ರೆ ನಮ್ಮಮ್ಮ ಅಲ್ಲಿದಾಳೆ ಅಂದೆ."